ಇಂಗ್ಲೆಂಡಿನ ಸ್ಪಾರ್ಕ್ಲಿಂಗ್ ವೈನ್: ಹೆಪ್ಪು ಹಾಕುವಾಗ ಅವಸರ ಬೇಡ

ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಕಡೆಯ ಸಣ್ಣ ದ್ರಾಕ್ಷಿ ತೋಟಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ವರ್ಷವಿಡೀ ಕೈಯಾರೆ ಬಳ್ಳಿ ಸಾಕಿ, ಏಪ್ರಿಲ್-ಮೇ ತಿಂಗಳ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿ ಹಚ್ಚಿಟ್ಟು ಚಿಗುರು ಉಳಿಸಿಕೊಂಡವರು, ಬಾಟಲಿ ತುಂಬುವ ದಿನ ಅವಸರ ಮಾಡುತ್ತಾರೆ. ವರ್ಷ ಕಳೆದು ಮುಚ್ಚಳ ತೆಗೆದರೆ ಸ್ಪಾರ್ಕ್ಲಿಂಗ್ ವೈನಿಗೆ ಇರಲೇಬೇಕಾದ ಗುಳ್ಳೆಯೇ ಇಲ್ಲ. ಹೊಟ್ಟೆ ಉರಿಯುತ್ತೆ.

ಮೊದಲ ಹಂತಗಳು ಸುಲಭ. ಚಳಿಗಾಲದಲ್ಲಿ ಬಳ್ಳಿ ಸವರಿ. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಶಾರ್ಡನೇ, ಪಿನೋ ನ್ವಾರ್ ಜಾತಿಯ ದ್ರಾಕ್ಷಿ ಕೊಯ್ದು, ಗೊಂಚಲನ್ನು ಇಡಿಯಾಗಿಯೇ ಮೆಲ್ಲಗೆ ಹಿಂಡಿ. ರಸ ಹುದುಗಿ, ಸಿಹಿ ಪೂರ್ತಿ ಹೋಗಿ, ವಸಂತದ ಹೊತ್ತಿಗೆ ತಿಳಿಯಾಗಲಿ.

ಈಗ ಕಷ್ಟದ ಕೆಲಸ. ಈ ವೈನಿಗೆ ಸಕ್ಕರೆ, ಈಸ್ಟ್ (ಹುದುಗಿಸುವ ಹೆಪ್ಪು) ಹಾಕಿ ಬಾಟಲಿಯೊಳಗೇ ಮತ್ತೆ ಹುದುಗಿಸಿದರೆ ಗುಳ್ಳೆ ಬರುತ್ತೆ. ಲೀಟರಿಗೆ 24 ಗ್ರಾಂ ಸಕ್ಕರೆ, ತೂಕ ಮಾಡಿಯೇ ಹಾಕಿ. 4 ಗ್ರಾಂ ಸಕ್ಕರೆಗೆ ಸುಮಾರು 1 ಬಾರ್ ಒತ್ತಡ, ಅಂದರೆ ಒಟ್ಟು 6 ಬಾರ್. ಮಾಮೂಲಿ ವೈನ್ ಬಾಟಲಿ ಇದನ್ನು ತಡೆಯುವುದಿಲ್ಲ, ಸಿಡಿಯುತ್ತೆ. ಶಾಂಪೇನಿಗೆಂದೇ ಮಾಡಿದ ದಪ್ಪ ಬಾಟಲಿಯೇ ಬೇಕು. ಸಕ್ಕರೆ ಹಾಕಿ ವೈನಿಗೆ ಗುಳ್ಳೆ ಬರಿಸುವ ಸಂಗತಿಯನ್ನು ಇಂಗ್ಲೆಂಡಿನ ವೈದ್ಯ, ವಿಜ್ಞಾನಿ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿ ಮುಂದೆ ಇಟ್ಟಿದ್ದರು. ಇಂಗ್ಲೆಂಡಿಗೆ ಇದು ಹೊಸ ವಿದ್ಯೆ ಏನಲ್ಲ.

ಜನ ಎಡವುವುದು ಈಸ್ಟ್‌ನಲ್ಲಿ. ಒಣ ಈಸ್ಟನ್ನು ನೇರವಾಗಿ ತಣ್ಣನೆ ವೈನಿಗೆ ಸುರಿದರೆ ಅದು ಬದುಕುವುದಿಲ್ಲ. ಒಳಗೆ ಆಗಲೇ ಶೇ 10-11 ಆಲ್ಕೋಹಾಲ್ ಇದೆ, ಮೇಲೆ ಇಂಗ್ಲೆಂಡಿನ ದ್ರಾಕ್ಷಿಯ ಹುಳಿ ಬೇರೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತಾ? ಇದೂ ಹಾಗೇ. ಮೊದಲು ಉಗುರುಬೆಚ್ಚಗಿಂತ ತುಸು ಬಿಸಿಯಾದ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಚೂರು ಸಕ್ಕರೆ, ಒಂದು ಲೋಟ ವೈನ್ ಸೇರಿಸಿ. ನೊರೆ ಎದ್ದ ಮೇಲೆ ಇನ್ನಷ್ಟು ವೈನ್, ಮಾರನೇ ದಿನ ಮತ್ತಷ್ಟು, ಹೀಗೆ ಮೂರು ನಾಲ್ಕು ದಿನ ಒಗ್ಗಿಸಿ. ಒಂದೇ ಸಲಕ್ಕೆ 10 ಡಿಗ್ರಿಗಿಂತ ಜಾಸ್ತಿ ತಣ್ಣಗಾಗಲು ಬಿಡಬೇಡಿ. ಚೆನ್ನಾಗಿ ನೊರೆಯುತ್ತಿರುವಾಗಲೇ ಟ್ಯಾಂಕಿಗೆ ಹಾಕಿ, ಬಾಟಲಿ ತುಂಬಿ ಮುಗಿಯುವ ತನಕ ಕಲಕುತ್ತಲೇ ಇರಿ. ಈಸ್ಟ್ ತಳಕ್ಕೆ ಕೂತರೆ ಒಂದು ಬಾಟಲಿಯಲ್ಲಿ ಗುಳ್ಳೆ, ಪಕ್ಕದ್ದರಲ್ಲಿ ಸುಮ್ನೆ ಸಿಹಿ ವೈನ್. ಬ್ರೆಡ್ಡಿನ ಈಸ್ಟ್ ಬೇಡವೇ ಬೇಡ, ಹಳೆ ಪ್ಯಾಕೆಟ್ಟೂ ಬೇಡ. ಗ್ಯಾಸ್ ತುಂಬಿಸಿಬಿಡೋಣ ಅನ್ನುವವರಿದ್ದಾರೆ. ಅಷ್ಟು ಕಷ್ಟಪಟ್ಟು ಬೆಳೆದ ಹಣ್ಣಿಗೆ ಹಾಗೆ ಮಾಡಬೇಡಿ, ಈಸ್ಟಿನ ಜೊತೆ ಮಲಗಿದಾಗ ಬರುವ ಬ್ರೆಡ್ಡಿನ ಪರಿಮಳ ಗ್ಯಾಸಿನಿಂದ ಬರುವುದಿಲ್ಲ.

ಬಿಯರ್ ಬಾಟಲಿಗೆ ಹಾಕುವಂಥ ಕ್ರೌನ್ ಮುಚ್ಚಳ ಹಾಕಿ ತಂಪಾದ ಕಡೆ ಮಲಗಿಸಿ. ಒಂಬತ್ತು ತಿಂಗಳು ಸಾಕು ಅಂತಾರೆ, ನಾನಂತೂ ಎರಡು ವರ್ಷ ಕಾಯಿರಿ ಅನ್ನುತ್ತೇನೆ. ಆಮೇಲೆ ಕತ್ತು ಕೆಳಗೆ ಮಾಡಿ, ಮೂರ್ನಾಲ್ಕು ವಾರ ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಈಸ್ಟಿನ ಗಸಿ ಮುಚ್ಚಳಕ್ಕೆ ಇಳಿಯುತ್ತೆ. ಕತ್ತನ್ನು ಮಂಜುಗಟ್ಟಿಸಿ ಮುಚ್ಚಳ ಬಿಚ್ಚಿದರೆ ಗಸಿ ಗಡ್ಡೆಯಾಗಿ ಹಾರಿಹೋಗುತ್ತೆ. ಖಾಲಿಯಾದಷ್ಟು ವೈನ್ ತುಂಬಿ, ಕಾರ್ಕ್ ಹಾಕಿ, ತಂತಿ ಬಿಗಿಯಿರಿ. ಇದೆಲ್ಲ ಮಾಡುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು.