ಉದ್ದ ಕೂದಲಿಗೆ ದಿನವಿಡೀ ನಿಲ್ಲುವ ತುರುಬು: ನನ್ನ ಅನುಭವ

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ. ನನ್ನ ಕೂದಲು ಸೊಂಟ ದಾಟಿದೆ. ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು 20 ಕಿಲೋಮೀಟರ್ ಹೋಗುವಾಗ ಉದ್ದ ಹೆರಳು ಯಾರದೋ ಬ್ಯಾಗಿನ ಜಿಪ್ಪಿಗೆ ಸಿಗುತ್ತದೆ, ಇಲ್ಲಾ ಕೂತವರ ಮುಖಕ್ಕೆ ಬಡಿಯುತ್ತದೆ. ಇಳಿದ ಮೇಲೆ ಹುಬ್ಬಳ್ಳಿಯ ಧೂಳು ಬೇರೆ. "ಕೆಲಸಕ್ಕೆ ಹೋಗೋರಿಗೆ ಇಷ್ಟುದ್ದ ಯಾಕ? ಕಟ್ ಮಾಡಿಸಿಬಿಡ್ರಿ" ಅಂತ ಹೇಳುವವರು ಬಹಳ. ನಾನು ಮಾಡಿಸಿಲ್ಲ. ಮಾಡಿಸುವ ಅಗತ್ಯವೂ ಇಲ್ಲ. ಸರಿಯಾಗಿ ತುರುಬು ಕಟ್ಟಲು ಬಂದರೆ ಉದ್ದ ಕೂದಲು ದಿನದ ಯಾವ ಕೆಲಸಕ್ಕೂ ಅಡ್ಡ ಬರುವುದಿಲ್ಲ.

ತುರುಬು ಜಾರಬಾರದು ಎಂದರೆ ಬಿಗಿಯಾಗಿ ಎಳೆದು ಕಟ್ಟಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಎಳೆದಷ್ಟೂ ತಲೆನೋವು. ಪಿನ್ನು ತುರುಬಿನ ಕೂದಲಿನ ಜೊತೆಗೆ ತಲೆಗೆ ಹತ್ತಿದ ಕೂದಲನ್ನೂ ಹಿಡಿದಿರಬೇಕು, ಅಷ್ಟೇ. ಹಾಗೆ ಹಿಡಿದಿದ್ದರೆ ಸಡಿಲ ತುರುಬೂ ಸಂಜೆವರೆಗೆ ಅಲ್ಲಾಡುವುದಿಲ್ಲ. ಅವ್ವ ನನಗೆ ಹೇಳಿಕೊಟ್ಟಿದ್ದೂ ಇದೇ: "ಬಿಗಿಬ್ಯಾಡವಾ, ಬುಡಕ್ಕ ಸಿಗಸು."

ವಾರದ ಹೆಚ್ಚು ದಿನ ನಾನು ಹಾಕುವುದು ಹೆರಳಿನ ತುರುಬು. ಕೂದಲನ್ನು ಕತ್ತಿನ ಮೇಲೆ ಒಟ್ಟು ಮಾಡಿ, ಮೂರೆಳೆಯ ಸಾದಾ ಹೆರಳು ಹೆಣೆಯುತ್ತೇನೆ. ಬುಡಕ್ಕೆ ರಬ್ಬರ್ ಹಾಕುವುದಿಲ್ಲ, ತುದಿಗೆ ಮಾತ್ರ ಬಟ್ಟೆ ಸುತ್ತಿದ ಸಣ್ಣ ಬ್ಯಾಂಡು. ಹೆಣೆದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗಿಡ್ಡ ಕೂದಲು ಈಚೆ ಬರುವುದಿಲ್ಲ. ಸುಮ್ನೆ ಹುರಿ ಮಾಡಿ ಸುತ್ತಿದ ತುರುಬು ಮಧ್ಯಾಹ್ನಕ್ಕೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ, ಅದರಲ್ಲೂ ನುಣುಪು ಕೂದಲಿದ್ದವರಿಗೆ. ಆಮೇಲೆ ಹೆರಳನ್ನು ಸಿಂಬೆ ಸುತ್ತಿದ ಹಾಗೆ ಚಪ್ಪಟೆಯಾಗಿ ಸುತ್ತಬೇಕು, ಒಂದರ ಮೇಲೊಂದು ಏರಿಸಬಾರದು. ಎತ್ತರವಾದರೆ ಭಾರ ಹಿಂದಕ್ಕೆ ಎಳೆಯುತ್ತದೆ. ತುದಿಯನ್ನು ಕೊನೆಯ ಸುತ್ತಿನ ಅಡಿಗೆ ಸೇರಿಸಬೇಕು.

ಇನ್ನು ಪಿನ್ನು. ಫ್ಯಾನ್ಸಿ ಸ್ಟೋರಿನಲ್ಲಿ ಯು ಪಿನ್ ಅಥವಾ ಜೂಡಾ ಪಿನ್ ಎಂದು ಕೇಳಿದರೆ ಕೊಡುತ್ತಾರೆ. ಧಾರವಾಡದ ಸುಭಾಸ ರೋಡಿನಲ್ಲಾಗಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ ಕಡಿಮೆ ದುಡ್ಡಿಗೆ ಸಿಗುವ ವಸ್ತು. ಚುಚ್ಚುವ ರೀತಿಯಲ್ಲೇ ಎಲ್ಲಾ ಇದೆ. ಪಿನ್ನನ್ನು ತುರುಬಿನ ಅಂಚಿನಲ್ಲಿ ನೆಟ್ಟಗೆ ಹಿಡಿಯಿರಿ. ಹೊರಸುತ್ತಿನ ಸ್ವಲ್ಪ ಕೂದಲು ಸಿಗುವಂತೆ ಇಳಿಸಿ. ತುದಿ ತಲೆಗೆ ಮೆಲ್ಲಗೆ ತಾಗಿದ ಕೂಡಲೇ ನಿಲ್ಲಿಸಿ. ಈಗ ಪಿನ್ನಿನ ಬಾಗಿದ ತಲೆಯನ್ನು ಹೊರಕ್ಕೆ ಮಲಗಿಸಿ. ಆಗ ತುದಿಗಳು ತುರುಬಿನ ನಡುವಿನ ಕಡೆ ತಿರುಗುತ್ತವೆ. ತಲೆಗೆ ಒರಗಿಸಿಕೊಂಡೇ ಒಳಗೆ ತಳ್ಳಿ. ಸರಿಯಾಗಿ ಕೂತರೆ ಸಣ್ಣ ಹಿಡಿತ ಬೆರಳಿಗೇ ಗೊತ್ತಾಗುತ್ತದೆ, ನೋವು ಮಾತ್ರ ಇರುವುದಿಲ್ಲ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು. ನಾಲ್ಕು ಪಿನ್ನು ಸಾಕು. ನೇರವಾಗಿ ತುರುಬಿಗೆ ಚುಚ್ಚಿದರೆ ಹತ್ತು ಹಾಕಿದರೂ ಅವು ತುರುಬಿನ ಜೊತೆಗೇ ಜಾರುತ್ತವೆ.

ಮನೆಯಲ್ಲಿ ಇಷ್ಟೆಲ್ಲಾ ಬೇಕಿಲ್ಲ. ಒಂದು ಮರದ ಕಡ್ಡಿ ಸಾಕು, ಪೆನ್ಸಿಲ್ಲೂ ಆಗುತ್ತದೆ. ರೊಟ್ಟಿ ಬಡಿಯುವಾಗ ಒಲೆಯ ಝಳಕ್ಕೆ ಕತ್ತಿನ ಮೇಲೆ ಕೂದಲಿದ್ದರೆ ತಡೆಯಲು ಆಗುವುದಿಲ್ಲ ಅಲ್ವಾ? ಆಗ ಕೂದಲು ಹುರಿ ಮಾಡಿ ಸುತ್ತಿ, ಎಡಗೈಯಲ್ಲಿ ಒತ್ತಿ ಹಿಡಿಯುತ್ತೇನೆ. ಕಡ್ಡಿಯ ತುದಿಯನ್ನು ಹೊರಸುತ್ತಿಗೆ ಹಾಕಿ, ತಲೆಯ ಕೂದಲು ಸ್ವಲ್ಪ ಎತ್ತಿಕೊಂಡು, ಕಡ್ಡಿಯನ್ನು ಎದುರು ಬದಿಗೆ ಮಗುಚಿ, ತುರುಬಿನ ಅಡಿಯಿಂದ ಆಚೆ ದಾಟಿಸುತ್ತೇನೆ. ಪಿನ್ನಿನ ಲೆಕ್ಕವೇ ಇಲ್ಲೂ. ಕಡ್ಡಿ ನುಣುಪಾಗಿರಬೇಕು, ಸಿಬಿರೆದ್ದಿದ್ದರೆ ಕೂದಲು ಹರಿಯುತ್ತದೆ.

ಕ್ಲಚರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ದಟ್ಟ ಕೂದಲಿಗೆ ಅದರ ಹಲ್ಲು ಮುರಿಯುತ್ತದೆ, ಬಸ್ಸಿನ ಸೀಟಿಗೆ ತಲೆ ಒರಗಿಸಿದರೆ ಒತ್ತುತ್ತದೆ. ಸ್ನಾನಕ್ಕೆ ಹೋಗುವಾಗ ಎತ್ತಿ ಸಿಗಿಸಲು ಒಳ್ಳೆಯದು.

ಸ್ಕೂಟಿ ಓಡಿಸುವವರು ಒಂದು ಮಾತು ಕೇಳಿ. ನಡುನೆತ್ತಿಯ ಅಥವಾ ಹಿಂದಲೆಯ ಎತ್ತರದ ತುರುಬಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಸರಿಯಾಗಿ ಕೂರದ ಹೆಲ್ಮೆಟ್ ತಲೆ ಕಾಯುವುದಿಲ್ಲ. ಹೆಲ್ಮೆಟ್ಟಿನ ಅಂಚಿನ ಕೆಳಗೆ, ಕತ್ತಿಗೆ ಹತ್ತಿರ ಕಟ್ಟಿ. ಇಲ್ಲವಾದರೆ ಹೆರಳು ಹಾಕಿಕೊಂಡು ಅಂಗಿಯೊಳಗೆ ಸೇರಿಸಿ, ಹೋಗುವ ಜಾಗ ಮುಟ್ಟಿದ ಮೇಲೆ ಸುತ್ತಿಕೊಳ್ಳಿ. ದೂರ ಹೋಗುವಾಗ ಗಟ್ಟಿ ಕ್ಲಿಪ್ಪು, ಕಡ್ಡಿ ತಲೆಯಲ್ಲಿ ಬೇಡವೇ ಬೇಡ.

ಇಳಕಲ್ ಸೀರೆ ಉಟ್ಟು ತಲೆ ಮೇಲೆ ಸೆರಗು ಹೊದ್ದುಕೊಳ್ಳುವ ದಿನವೂ ಕತ್ತಿನ ತುರುಬೇ ಚೆಂದ. ಮೇಲೆ ಕಟ್ಟಿದರೆ ಸೆರಗು ಹಿಂದಕ್ಕೆ ಜಾರುತ್ತಲೇ ಇರುತ್ತದೆ. ನಮ್ಮ ಕಡೆಯ ಹಿರಿಯರ ತುರುಬು ಗಮನಿಸಿ, ಎಲ್ಲಾ ಕೆಳಗೇ ಇರುತ್ತದೆ. ಹೂವು ಮುಡಿಯುವಾಗ ಅಬ್ಬಲಿಗೆ ಮಾಲೆಯಾದರೆ ತುರುಬಿನ ಸುತ್ತ ಸುತ್ತಬಹುದು. ಸೇವಂತಿ ಭಾರ. ಪಿನ್ನನ್ನು ಹೂವಿಗೆ ಹಾಕದೆ ಮಾಲೆಯ ದಾರಕ್ಕೆ ಹಾಕಿದರೆ ಉದುರುವುದಿಲ್ಲ.

ಒದ್ದೆ ಕೂದಲನ್ನು ಸುತ್ತಿ ಕಟ್ಟಬೇಡಿ. ಒದ್ದೆಯಿದ್ದಾಗ ಅದು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತುರುಬಿನ ಒಳಗೆ ಸಂಜೆಯಾದರೂ ಒಣಗುವುದಿಲ್ಲ, ವಾಸನೆ ಬರುತ್ತದೆ. ಅದಕ್ಕೇ ನಾನು ಮಳೆಗಾಲದಲ್ಲಿ ರಜೆಯ ದಿನವೇ ಎರೆದುಕೊಳ್ಳುವುದು. ಎರೆದುಕೊಂಡ ಮರುದಿನ ತುರುಬು ಇನ್ನೂ ಚೆನ್ನಾಗಿ ಕೂರುತ್ತದೆ. ಮೊದಲ ದಿನ ಕೂದಲು ತುಂಬಾ ಜಾರುತ್ತದೆ.

ಜಾಗವನ್ನೂ ಬದಲಿಸುತ್ತಿರಬೇಕು. ಒಂದೇ ಕಡೆ ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯಂಚಿನ, ಕಿವಿಯ ಮುಂದಿನ ಕೂದಲು ತೆಳುವಾಗುತ್ತದೆ. ತುಂಬಾ ದಿನ ಹಾಗೇ ಬಿಟ್ಟರೆ ಅಲ್ಲಿ ಮತ್ತೆ ಬೆಳೆಯದೆಯೂ ಇರಬಹುದು. ನಾನು ಒಂದು ದಿನ ಕತ್ತಿಗೆ, ಒಂದು ದಿನ ಸ್ವಲ್ಪ ಮೇಲೆ, ಒಂದು ದಿನ ಕಿವಿಯ ಹಿಂದೆ ಓರೆಯಾಗಿ ಕಟ್ಟುತ್ತೇನೆ. ಕಟ್ಟಿದ ಮೇಲೆ ಹುಬ್ಬು ಮೇಲಕ್ಕೆ ಎಳೆದಂತೆ ಅನಿಸಿದರೆ ಬಿಚ್ಚಿ ಮತ್ತೆ ಕಟ್ಟುವುದೇ ಸರಿ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಸೊಂಟದವರೆಗಿನ ಕೂದಲಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ, ಅಷ್ಟು ಸವೆದೂ ಇರುತ್ತದೆ. ಅದಕ್ಕೇ ತುದಿಯನ್ನು ಒಳಗೆ ಸೇರಿಸಿ ಕಟ್ಟಿ ಎನ್ನುವುದು. ಸಂಜೆ ಬಿಚ್ಚುವಾಗ ಎಲ್ಲಾ ಪಿನ್ನು ತೆಗೆದ ಮೇಲೆಯೇ ಹೆರಳು ಸಡಿಲಿಸಿ. ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಮೆಲ್ಲಗೆ ಮೇಲಕ್ಕೆ ಬನ್ನಿ. ತುದಿಯ ಮಣಿ ಉದುರಿದ ಪಿನ್ನು ಕಂಡರೆ ಆಗಲೇ ಎಸೆದುಬಿಡಿ, ಅದು ತಲೆ ಗೀರುತ್ತದೆ.