ಉಬುಂಟು 20.04 ಇಮೇಜಿನಿಂದ ಹೊರಬಂದದ್ದು: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದ ಹೈಡ್ರಾಲಿಕ್ ಕಾರ್ಖಾನೆಗಳಿಗೆ ಟೆಸ್ಟ್ ಬೆಂಚಿನ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕೆಲಸ. ಪಂಪು, ವಾಲ್ವುಗಳ ಒತ್ತಡ ದಾಖಲಿಸುವ ಸಿ++ ಪ್ರೋಗ್ರಾಮು ಅದು. ಬಿಲ್ಡ್ ಆಗುವುದು, ಅಂದರೆ ಕೋಡಿನಿಂದ ಪ್ರೋಗ್ರಾಮು ತಯಾರಾಗುವುದು, ಗಿಟ್‌ಹಬ್ ತನ್ನ ಯಂತ್ರಗಳಲ್ಲಿ ನಡೆಸಿಕೊಡುವ ಆಕ್ಷನ್ಸ್ ಸೇವೆಯಲ್ಲಿ. ಓಡುವುದು ಕಾರ್ಖಾನೆಯೊಳಗಿನ ಉಬುಂಟು 20.04 (ಲಿನಕ್ಸ್‌ನ ಒಂದು ಆವೃತ್ತಿ) ಕಂಪ್ಯೂಟರುಗಳಲ್ಲಿ.

ಗಿಟ್‌ಹಬ್ ತನ್ನ 20.04 ಇಮೇಜನ್ನು, ಅಂದರೆ ಬಿಲ್ಡಿಗೆಂದು ಕೊಡುತ್ತಿದ್ದ ಸಿದ್ಧ ಯಂತ್ರದ ಅಚ್ಚನ್ನು, 2025ರ ಏಪ್ರಿಲ್ 15ಕ್ಕೆ ತೆಗೆದುಹಾಕಿತು. ಅದಕ್ಕೂ ಮೊದಲು ಮಾರ್ಚಿನಲ್ಲಿ ಕೆಲವು ದಿನ, ಕೆಲವು ತಾಸು, ಬೇಕೆಂದೇ ಆ ಇಮೇಜಿನ ಬಿಲ್ಡ್‌ಗಳನ್ನು ಫೇಲ್ ಮಾಡಿಸಿತ್ತು. ಈ ಪದ್ಧತಿ ಒಳ್ಳೆಯದೇ ಅನ್ನುತ್ತೇನೆ. ನೋಟಿಸ್ ಓದದವರಿಗೂ ಕೆಂಪು ಗುರುತು ಕಾಣುತ್ತದೆ. "ಸರ, ಕೋಡ್ ಮುಟ್ಟೇ ಇಲ್ಲ, ಬಿಲ್ಡ್ ಕೆಂಪ ಆಗೇತ್ರಿ" ಅಂತ ನಮ್ಮ ಹುಡುಗ ಬಂದ. "ನಂಬರ್ 22 ಮಾಡಿಬಿಡ್ಲೇನ್ರೀ?"

ಬಿಲ್ಡ್ ಫೈಲಿನಲ್ಲಿ ಇಮೇಜಿನ ಹೆಸರಿರುವ ಸಾಲಿನಲ್ಲಿ 20.04 ಬದಲು 22.04 ಎಂದು ಬರೆದರೆ ಬಿಲ್ಡ್ ಹಸಿರಾಗುತ್ತದೆ, ಆದರೆ ಕಾರ್ಖಾನೆಯಲ್ಲಿ ಪ್ರೋಗ್ರಾಮು ಏಳುವುದಿಲ್ಲ. ಪ್ರೋಗ್ರಾಮುಗಳು ಓಡಲು ಆಶ್ರಯಿಸುವ ಮೂಲ ಲೈಬ್ರರಿ ಜಿ-ಲಿಬ್-ಸಿ; 20.04ರಲ್ಲಿರುವುದು ಅದರ 2.31 ಆವೃತ್ತಿ, 22.04ರಲ್ಲಿ 2.35. 22.04ರಲ್ಲಿ ಮಾಮೂಲಿಯಾಗಿ ಲಿಂಕ್ ಮಾಡಿದ ನಾಲ್ಕು ಸಾಲಿನ ಪ್ರೋಗ್ರಾಮು ಕೂಡ ಶುರುವಾಗಲಿಕ್ಕೇ 2.34 ಕೇಳುತ್ತದೆ. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದು. ಇಷ್ಟು ದಿನ ಆ ಒಂದೇ ಸಾಲು ಎರಡು ವಿಷಯ ಹೇಳುತ್ತಿತ್ತು: ಎಲ್ಲಿ ಕಟ್ಟಬೇಕು, ಯಾವ ಯಂತ್ರಕ್ಕಾಗಿ ಕಟ್ಟಬೇಕು. ಅವೆರಡನ್ನೂ ಬಿಡಿಸುವುದೇ ನಿಜವಾದ ಕೆಲಸ.

ಹಾಗಾಗಿ ಹೊರಗಿನ ಯಂತ್ರವನ್ನು 22.04 ಮಾಡಿ, ಅದರೊಳಗೆ ಉಬುಂಟು 20.04 ಡಾಕರ್ ಕಂಟೇನರ್ (ಯಂತ್ರದೊಳಗಿನ ಪ್ರತ್ಯೇಕ ಪುಟ್ಟ ಪರಿಸರ) ಇಟ್ಟು ಕಂಪೈಲ್ ಮಾಡಿಸಿದೆವು. ಹೇಳಲಿಕ್ಕೆ ಸುಲಭ. ಗಿಟ್‌ಹಬ್ ಇಮೇಜಿನಲ್ಲಿ ಬೇಕಾದ ಸಾಮಾನೆಲ್ಲ ತುಂಬಿರುತ್ತದೆ. ಈ ಕಂಟೇನರ್ ಮಾತ್ರ ಬರಿದು. ಅಡ್ಮಿನ್ ಅಧಿಕಾರ ಕೊಡುವ ಸುಡೊ ಇಲ್ಲ, ಕಂಪೈಲರ್ ಇಲ್ಲ, ಕೋಡಿನ ಇತಿಹಾಸ ಕಾಯುವ ಗಿಟ್ ಕೂಡ ಇಲ್ಲ. ಗಿಟ್ ಇಲ್ಲದಾಗ, ಕೋಡನ್ನು ಇಳಿಸಿಕೊಳ್ಳುವ ಚೆಕ್‌ಔಟ್ ಹಂತ ಫೇಲ್ ಆಗುವುದಿಲ್ಲ, ಸುಮ್ಮನೆ ಫೈಲುಗಳನ್ನಷ್ಟೇ ಇಳಿಸಿಕೊಡುತ್ತದೆ. ನಾವು ವರ್ಷನ್ ನಂಬರನ್ನು ಗಿಟ್ ಟ್ಯಾಗಿನಿಂದ (ಇತಿಹಾಸದಲ್ಲಿ ಹಾಕಿದ ಹೆಸರಿನ ಗುರುತು) ತೆಗೆಯುವವರು. ಇತಿಹಾಸವೇ ಬರದಿದ್ದರೆ ನಂಬರ್ ಎಲ್ಲಿಂದ ಬರಬೇಕು? ಅದಕ್ಕೇ ಚೆಕ್‌ಔಟಿಗಿಂತ ಮುಂಚೆ ಗಿಟ್ ಇನ್‌ಸ್ಟಾಲ್ ಮಾಡುವ ಹಂತ ಸೇರಿಸಿದೆವು. ಟೈಮ್‌ಝೋನ್ ಪ್ಯಾಕೇಜು "ನಿಮ್ಮ ಪ್ರದೇಶ ಯಾವುದು" ಎಂದು ಕೇಳಿ ಬಿಲ್ಡನ್ನು ನಿಲ್ಲಿಸದಂತೆ, ಪ್ಯಾಕೇಜು ಹಾಕುವ ಆಪ್ಟ್‌ಗೆ ಪ್ರಶ್ನೆ ಕೇಳಬೇಡ ಅಂತಲೂ ಹೇಳಬೇಕು. 20.04 ಆದದ್ದು ಅನುಕೂಲವೇ ಆಯಿತು. ಚೆಕ್‌ಔಟ್‌ನ 4ನೇ ಆವೃತ್ತಿ ಓಡುವ ನೋಡ್ 20ಕ್ಕೆ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮು) ಜಿ-ಲಿಬ್-ಸಿ 2.28 ಆದರೂ ಬೇಕು, 18.04ರಲ್ಲಿರುವುದು 2.27.

ಕೊನೆಗೊಂದು ತಪಾಸಣೆ: ಬಿಲ್ಡ್ ಮುಗಿದೊಡನೆ, ಪ್ರೋಗ್ರಾಮಿಗೆ ಏನೇನು ಬೇಕೆಂದು ತೋರಿಸುವ ಆಬ್ಜ್‌ಡಂಪ್ ಓಡಿಸಿ, ಪ್ರೋಗ್ರಾಮು 2.31ಕ್ಕಿಂತ ಹೊಸ ಜಿ-ಲಿಬ್-ಸಿ ಕೇಳಿದರೆ ಅಲ್ಲೇ ಫೇಲ್ ಮಾಡಿಸುತ್ತೇವೆ. ತಪ್ಪು ಗೊತ್ತಾಗುವುದಿದ್ದರೆ ನಮ್ಮಲ್ಲೇ ಗೊತ್ತಾಗಲಿ, ಪಂಪು ಬೆಂಚಿನ ಮೇಲೇರಿದ ಮೇಲಲ್ಲ. ಬಿಲ್ಡ್ ಫೈಲುಗಳಲ್ಲಿ ಇಮೇಜಿಗೆ "ಲೇಟೆಸ್ಟ್" ಎಂದು ಬರೆದ ಜಾಗಗಳಲ್ಲೆಲ್ಲ ಆವೃತ್ತಿಯ ನಂಬರ್ ಹಾಕಿದೆವು. ಯಂತ್ರ ಬದಲಾಗುವ ದಿನವನ್ನು ನಾವೇ ಆರಿಸಬೇಕು.

ಕಂಟೇನರ್ ಕಾಯಂ ಅಲ್ಲ. 20.04ರ ಮಾಮೂಲಿ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ, ಇನ್ನು ಭದ್ರತಾ ಅಪ್‌ಡೇಟ್ ಬೇಕೆಂದರೆ ಉಬುಂಟು ಪ್ರೊ ಚಂದಾ ಬೇಕು. ಕಾರ್ಖಾನೆಗಳ ಕಂಪ್ಯೂಟರುಗಳನ್ನು ರಜೆಯ ದಿನ ನೋಡಿ ಒಂದೊಂದಾಗಿ 22.04ಕ್ಕೆ ಏರಿಸುತ್ತಿದ್ದೇವೆ. ಎಲ್ಲವೂ ಮುಗಿದಾಗ ಕಂಟೇನರಿನ ಸಾಲನ್ನು ಅಳಿಸಿ, ತಪಾಸಣೆಯ ಮಿತಿಯನ್ನು 2.35 ಮಾಡಿದರಾಯಿತು.