ಅವಸರವಿಲ್ಲದವರಿಗೆ ರಂಜ

ನಮ್ಮದು ಹೊಸನಗರದ ಕಡೆಯ ಹಂಚಿನ ಮನೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ, ಏಪ್ರಿಲ್ ಹೊತ್ತಿಗೆ ಹಾರೆಗೂ ಬಗ್ಗದಷ್ಟು ಗಟ್ಟಿಯಾಗುವ ಜಂಬಿಟ್ಟಿಗೆ ನೆಲ. ಎರಡನ್ನೂ ತಾಳಿಕೊಂಡು ವರ್ಷವಿಡೀ ಹಸಿರಾಗಿರುವ, ಹೂವನ್ನೂ ಹಣ್ಣನ್ನೂ ಕೊಡುವ ಅಂಗಳದ ಮರವೆಂದರೆ ನನ್ನ ಲೆಕ್ಕದಲ್ಲಿ ರಂಜವೇ. ಬಕುಳ ಎಂದರೂ ಇದೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆಯುವ ಮರವಿರುವಾಗ ನರ್ಸರಿಯ ಪರದೇಶಿ ಗಿಡಗಳಿಗೆ ಹಣ ಸುರಿಯುವುದು ನನಗೆ ಒಗ್ಗದು.

ದೇವಸ್ಥಾನದ ಮರದಡಿ ಬಿದ್ದ ಹಣ್ಣುಗಳನ್ನು ಆರಿಸಿ ತಂದು, ತಿರುಳು ತೊಳೆದು, ಹಸಿಯಾಗಿರುವಾಗಲೇ ಬೀಜ ಹಾಕಿದೆ. ಹೊಳಪಿನ ಕಂದು ಬೀಜದ ಸಿಪ್ಪೆ ಬಹಳ ಗಟ್ಟಿ. ಒಂದು ಮಗ್ಗುಲನ್ನು ಒರಟು ಕಲ್ಲಿಗೆ ತುಸು ಉಜ್ಜಿ ರಾತ್ರಿಯಿಡೀ ನೆನೆಸಿದೆ. ಆದರೂ ಮೊಳಕೆಗೆ ವಾರಗಟ್ಟಲೆ ಕಾಯಬೇಕಾಯಿತು.

ನೆಟ್ಟದ್ದು 2012ರ ಮುಂಗಾರಿನಲ್ಲಿ, ಮೃಗಶಿರ ಮಳೆ ನೆಲ ನೆನೆಸಿದ ಮೇಲೆ, ಆರಿದ್ರಾ ಜೋರು ಹಿಡಿಯುವ ಮುನ್ನ. ಮಲೆನಾಡಿನಲ್ಲಿ ಎಳೆ ಸಸಿಯನ್ನು ಕೊಲ್ಲುವುದು ಬರವಲ್ಲ, ಬುಡದಲ್ಲಿ ನಿಂತ ನೀರು. ಹಾಗಾಗಿ ಅಂಗಳದ ಇಳಿಜಾರಿನ ಮೂಲೆಯನ್ನೇ ಆರಿಸಿಕೊಂಡೆ. 2 ಅಡಿ ಗುಂಡಿಗೆ ಮೇಲ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ, ಸಸಿ ನೆಲಮಟ್ಟಕ್ಕಿಂತ ಗೇಣು ಎತ್ತರದಲ್ಲಿ ಕೂರುವಂತೆ ದಿಬ್ಬ ಮಾಡಿದೆ. ಬೇರಿನ ಮಣ್ಣು ಕದಲದಂತೆ ಸಸಿ ಬೆಳೆಸಿದ ಕವರನ್ನು ಬ್ಲೇಡಿನಿಂದ ಸೀಳಿದೆ. ಬೇಸಿಗೆಯಲ್ಲಿ ಬುಡಕ್ಕೆ ದರಕು, ಅಂದರೆ ಒಣಗಿದ ಎಲೆ, ದಪ್ಪಗೆ ಹೊದೆಸುತ್ತಿದ್ದೆ. ಮಳೆಗಾಲದಲ್ಲಿ ಅದನ್ನು ಕಾಂಡದಿಂದ ದೂರ ಸರಿಸುತ್ತಿದ್ದೆ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ದನಗಳಿಗಾಗಿ ಮುಳ್ಳಿನ ಬೇಲಿ. ಅಡ್ಡ ರೆಂಬೆಗಳನ್ನು ಮಳೆ ಪೂರ್ತಿ ಬಿಟ್ಟ ಮೇಲಷ್ಟೇ ಸವರಿದೆ.

ನಿಧಾನದ ಮರವಿದು. ಪಕ್ಕದ ತೋಟದವರು, "ಅಪ್ಪೆ ಮಾವಿನ ಕಸಿ ಗಿಡ ಹಾಕಿದ್ದರೆ ಇಷ್ಟು ಹೊತ್ತಿಗೆ ಮಿಡಿ ಉಪ್ಪಿಗೆ ಹಾಕಬಹುದಿತ್ತು ಮಾರಾಯರೇ" ಎಂದು ಕಂಡಾಗೆಲ್ಲ ಚುಚ್ಚುತ್ತಿದ್ದರು. 2019ರ ಬೇಸಿಗೆಯಲ್ಲಿ ಮೊದಲ ಹೂ ಬಿದ್ದಾಗ ಆರಿಸಿಕೊಳ್ಳಲು ಅವರ ಮನೆಯವರೇ ಮೊದಲು ಬಂದರು! ಹೂವಿನ ನಡುವೆ ತೂತು ಇರುವುದರಿಂದ ಸೂಜಿ ಬೇಡ, ಬಾಳೆನಾರು ಸಾಕು. ಬಾಡಿ ಕಂದಾದರೂ ಪರಿಮಳ ಹೋಗುವುದಿಲ್ಲ. ನನ್ನ ಹೆಂಡತಿ ಸೀರೆಗಳ ನಡುವೆ ಇಡುತ್ತಾಳೆ.

ಹಣ್ಣು ಕಿತ್ತಳೆ ಬಣ್ಣದ್ದು, ಹೆಚ್ಚೆಂದರೆ ಇಂಚುದ್ದ. ಹಿಟ್ಟುಹಿಟ್ಟಾದ ಸಿಹಿ, ಕೊನೆಗೆ ನಾಲಿಗೆ ಹಿಡಿಯುವ ಒಗರು. ಮಕ್ಕಳು ಒಂದೆರಡು ತಿಂದು ಬಿಡುತ್ತಾರೆ, ಪಿಕಳಾರ ಮತ್ತು ಕುಟ್ರುಹಕ್ಕಿಗಳು ಬಿಡುವುದಿಲ್ಲ. ರಾತ್ರಿ ಬಾವಲಿಗಳ ಸರದಿ. ಬೆಳಗ್ಗೆ ಜಗಲಿ ಗುಡಿಸುವ ಕೆಲಸ ನನ್ನದು.

ನೆಡುವವರು ಮಾಡಿನ ಅಂಚಿನಿಂದ 20 ಅಡಿಯಾದರೂ ದೂರ ನೆಡಿ. ಕೊಡೆಯಂತೆ ಹರಡುವ ದಟ್ಟ ಮರ, ಎಲೆ ಉದುರಿ ಮಾಡಿನ ನೀರು ಹರಿಯುವ ದೋಣಿ ಕಟ್ಟಿಕೊಳ್ಳುತ್ತದೆ. ಅದರ ನೆರಳಿನಲ್ಲಿ ಡೇಲಿಯಾ, ಸೇವಂತಿಗೆ ಬಾರವು.